ಹಳೆಯ ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ನೀರು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಯಂತ್ರವಿದ್ಯೆಯನ್ನು ಕಲಿತವರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಯಾವ ಯಂತ್ರಕ್ಕೆ ಎಷ್ಟು ಎಣ್ಣೆ ಹೋಯಿತು, ಯಾವ ಬೇರಿಂಗು ಏಕೆ ಬದಲಾಯಿತು ಎಂದು ಉಗ್ರಾಣದ ಪುಸ್ತಕದಲ್ಲಿ ಬರೆದೂ ಬರೆದೂ ಒಂದು ಮಾತು ಮನದಟ್ಟಾಗಿದೆ. ಎಣ್ಣೆಗೆ ಆಗುವ ಖರ್ಚು ಸಣ್ಣದು. ಎಣ್ಣೆ ಕೆಟ್ಟಮೇಲೆ ಬರುವ ಖರ್ಚು ದೊಡ್ಡದು. ನಮ್ಮಲ್ಲಿ ಹಲವರ ಊರಮನೆಯಲ್ಲಿ ಎರಡನೆಯ ಕೈಯಿಂದಲೋ ಮೂರನೆಯ ಕೈಯಿಂದಲೋ ಕೊಂಡ ಟ್ರ್ಯಾಕ್ಟರು ಉಂಟು. ಅದು ನಡೆದರೆ ಮನೆಗೆ ಅನ್ನ. ನಿಂತರೆ ಇಲ್ಲಿಂದ ಹಣ ಹೋಗಬೇಕು. ಆದುದರಿಂದ ಇದು ಪೇಟೆಯಲ್ಲಿರುವ ನಮಗೂ ಸಂಬಂಧಿಸಿದ ವಿಷಯವೇ.

ಹಳೆಯದೆಂದು ಯಂತ್ರವನ್ನು ಹೀಗಳೆಯಬಾರದು. ಎಚ್.ಎಂ.ಟಿ. ಸಂಸ್ಥೆಯು ಹರಿಯಾಣದ ಪಿಂಜೋರಿನಲ್ಲಿ 1971ರಲ್ಲಿ ಟ್ರ್ಯಾಕ್ಟರು ತಯಾರಿಸಲು ತೊಡಗಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ಕಾರಖಾನೆ ನಿಂತರೂ ಅಲ್ಲಿಂದ ಹೊರಟ ಬಂಡಿಗಳು ಇನ್ನೂ ಹೊಲದಲ್ಲಿವೆ. ಅವುಗಳ ಆಯುಸ್ಸು ಇರುವುದು ಒಡೆಯನ ಎಚ್ಚರದಲ್ಲಿ.

ಎಂಜಿನ್ನಿನ ಎಣ್ಣೆ ಬೇರೆ, ಗೇರಿನ ಎಣ್ಣೆ ಬೇರೆ. ಇಂಗ್ಲೆಂಡಿನಲ್ಲಿ 1946ರಿಂದ ತಯಾರಾದ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ, ಅದರ ವಂಶದ ಮ್ಯಾಸಿ ಫರ್ಗುಸನ್ 35ರಲ್ಲಿ, ಗೇರುಪೆಟ್ಟಿಗೆ, ಹಿಂದಿನ ಅಚ್ಚು, ನೇಗಿಲನ್ನು ಎತ್ತುವ ಹೈಡ್ರಾಲಿಕ್ ಪಂಪು, ಈ ಮೂರಕ್ಕೂ ಒಂದೇ ಎಣ್ಣೆ. 35ರಲ್ಲಿ ಅದು ಸುಮಾರು 30 ಲೀಟರು. ಅಲ್ಲಿಗೆ ನೀರು ಸೇರಿದರೆ ಮೂರಕ್ಕೂ ಕೇಡು. ಹಲ್ಲುಗಳ ನಡುವಿನ ಎಣ್ಣೆಯ ಪೊರೆ ಹರಿಯುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ, ನೇಗಿಲು ತಡವರಿಸುತ್ತ ಮೇಲೇಳುತ್ತದೆ. ಆಗ ಕೆಲವರು ಎಣ್ಣೆಯನ್ನೂ ನೋಡದೆ ಪಂಪನ್ನೇ ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ!

ನೀರು ಬರುವ ದಾರಿ ಯಾವುದು? ಗೇರುಕೋಲಿನ ಬುಡದ ರಬ್ಬರು ಹರಿದಿದ್ದರೆ, ಬಯಲಲ್ಲಿ ನಿಂತ ಬಂಡಿಗೆ ಮಳೆನೀರು ಕೋಲಿನಗುಂಟ ನೇರವಾಗಿ ಇಳಿಯುತ್ತದೆ. ಎಣ್ಣೆ ಹಾಕುವ ಮುಚ್ಚಳ ಸಡಿಲವಾಗಿದ್ದರೂ ಅಷ್ಟೆ. ಭತ್ತದ ಗದ್ದೆಯ ಕೆಸರಿನಲ್ಲಿ ದುಡಿದಾಗ ಸವೆದ ಅಚ್ಚಿನ ಸೀಲುಗಳ ಮೂಲಕ ನುಸುಳುತ್ತದೆ. ಹಗಲು ಕಾದು ಇರುಳು ತಣಿಯುವಾಗ ಒಳಗಿನ ಗಾಳಿಯ ತೇವವೂ ಹನಿಯಾಗುತ್ತದೆ.

ಗುರುತು ಸುಲಭ. ಅಳತೆಕಡ್ಡಿಯನ್ನು ಎತ್ತಿ ನೋಡಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರಿದೆಯೆಂದೇ ತಿಳಿಯಬೇಕು. ಸಂದೇಹವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ, ದೂರ ನಿಂತು, ಎರಡು ಹನಿ ಬಿಡಿರಿ. ನೀರಿದ್ದರೆ ಒಗ್ಗರಣೆಯಂತೆ ಚಟಪಟ ಎನ್ನುತ್ತದೆ.

ಇನ್ನು ತೆಗೆಯುವ ಕ್ರಮ. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೇಗಿಲನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಗಾಲಿಗಳಿಗೆ ಕಲ್ಲು ಕೊಡಬೇಕು. ಒಂದೆರಡು ದಿನ ಅಲುಗಾಡದೆ ನಿಂತರೆ ಬಿಡಿನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಆಗ ಕೆಳಗಿನ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿದರೆ ಮೊದಲು ನೀರು ಬರುತ್ತದೆ; ಎಣ್ಣೆ ಕಂಡೊಡನೆ ಬಿಗಿಯಬೇಕು. ಆದರೆ ಎಣ್ಣೆಯಲ್ಲಿ ಕಡೆದು ಸೇರಿದ ನೀರು ಹೀಗೆ ಬಿಡುವುದಿಲ್ಲ. ಅದಕ್ಕೆ ಬಂಡಿಯನ್ನು ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದಾಗ, ಮತ್ತೆ ಮೊದಲಿನಂತೆ ನಿಲ್ಲಿಸಿ, ಪೂರ್ತಿ ಸುರಿಸಬೇಕು. ಬಿರಡೆ ಒಂದಕ್ಕಿಂತ ಹೆಚ್ಚಿರಬಹುದು. ಒಂದನ್ನು ಮರೆತರೆ ಅಲ್ಲಿ ಹಳೆಯ ನೀರು ಉಳಿಯುತ್ತದೆ. ಬಿಸಿ ಎಣ್ಣೆ ಕೈ ಸುಟ್ಟೀತು, ಎಚ್ಚರಿಕೆ.

ಬಿರಡೆಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿರಿ. ನಯವಾದ ಬೂದುಬಣ್ಣದ ಮಸಿ ಸಾಮಾನ್ಯ ಸವೆತ. ಚೂರು, ತುಂಡು ಸಿಕ್ಕರೆ ಮೆಕ್ಯಾನಿಕ್ಕನನ್ನು ಕರೆಯದೆ ಮುಂದೆ ಓಡಿಸಕೂಡದು.

ಬಹಳ ನೀರು ಹೋಗಿದ್ದರೆ ಕಡಿಮೆ ಬೆಲೆಯ ತೆಳು ಎಣ್ಣೆ ತುಂಬಿ, ಭಾರವಿಲ್ಲದೆ ಸ್ವಲ್ಪ ಹೊತ್ತು ನಡೆಸಿ, ಅದನ್ನೂ ಸುರಿಸಬೇಕು. ಬರಿಯ ಸೀಮೆಎಣ್ಣೆ ತುಂಬಿ ಓಡಿಸುವುದು ಬೇಡ. ಅದರಿಂದ ಬೇರಿಂಗಿಗೂ ಪಂಪಿಗೂ ಜಿಡ್ಡು ಸಿಕ್ಕುವುದಿಲ್ಲ. ಪೆಟ್ರೋಲನ್ನಂತೂ ಹತ್ತಿರ ತರಬಾರದು.

ಹೊಸ ಎಣ್ಣೆ ಯಾವುದು? ಅಂಗಡಿಯವನು ಕೊಟ್ಟದ್ದಲ್ಲ, ಬಂಡಿಯ ಕೈಪಿಡಿ ಹೇಳಿದ್ದು. ಪಂಪಿಗೂ ಅದೇ ಎಣ್ಣೆ ಹೋಗುವ ಬಂಡಿಗೆ ಪಂಪು, ಗೇರು ಎರಡಕ್ಕೂ ಒಗ್ಗುವ ಟ್ರ್ಯಾಕ್ಟರು ಎಣ್ಣೆಯೇ ಬೇಕು. ಕೆಲವು ಗೇರೆಣ್ಣೆಗಳಲ್ಲಿರುವ ಗಂಧಕದ ಮದ್ದು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲದು. ಅಳತೆಕಡ್ಡಿಯ ಗೆರೆಯ ತನಕ ತುಂಬಿ, ಲಿಫ್ಟನ್ನು ನಾಲ್ಕಾರು ಸಲ ಎತ್ತಿ ಇಳಿಸಿ, ಮತ್ತೆ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ನೀರಿನ ದಾರಿಯನ್ನು ಮುಚ್ಚದೆ ಎಣ್ಣೆ ಬದಲಿಸುವುದು ತೂತುಕೊಡದಲ್ಲಿ ನೀರು ಹೊತ್ತಂತೆ. ಸಣ್ಣದೊಂದು ರಬ್ಬರು ಟೋಪಿಯನ್ನು ಹಾಕದೆ 30 ಲೀಟರು ಎಣ್ಣೆ ಸುರಿದರೆ ಮುಂದಿನ ಮಳೆಗೆ ಅದೂ ಹೋಯಿತು. ಕೆಟ್ಟ ಎಣ್ಣೆಯನ್ನು ಬಾವಿಯ ಬಳಿಯಾಗಲಿ ಕಾಲುವೆಗಾಗಲಿ ಚೆಲ್ಲದೆ, ಡಬ್ಬದಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡುವುದು ಲೇಸು. ಆ ನೀರನ್ನು ಕುಡಿಯುವವರು ನಮ್ಮವರೇ.

ಬಂಧುಗಳೆ, ಊರಿನಿಂದ “ಟ್ರ್ಯಾಕ್ಟರು ಕೆಟ್ಟಿದೆ, ಹಣ ಕಳಿಸು” ಎಂದು ಕರೆ ಬಂದಾಗ ಹಣಕ್ಕಿಂತ ಮೊದಲು ಮೂರು ಪ್ರಶ್ನೆ ಕಳಿಸೋಣ: ಗೇರಿನ ಎಣ್ಣೆಯ ಬಣ್ಣ ಯಾವುದು? ಕೋಲಿನ ಬುಡದ ರಬ್ಬರು ನೆಟ್ಟಗಿದೆಯೆ? ಮಳೆಯಲ್ಲಿ ಬಂಡಿ ಎಲ್ಲಿ ನಿಲ್ಲುತ್ತದೆ? ಮುಂಗಾರಿಗೆ ಮುಂಚೆಯೇ ಕೇಳಿದರೆ ಇನ್ನೂ ಉತ್ತಮ.