ಕಷ್ಟ ಹೊರುವವರ ಮಾತು ನಡೆಯಲಿ
(ಪಳನಿಯಲ್ಲಿ ತೋಟದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೂಡಿರುವ ಈ ಸೀಮೆ ಯುದ್ಧ ಕಂಡ ನೆಲ. 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ಲಿಗೆ ಬಂದನು. 1790ರಲ್ಲಿ ಕಂಪನಿಯವರು ಅಲ್ಲಿನ ಕೋಟೆಯನ್ನು ಹಿಡಿದರು. 1792ರ ಒಪ್ಪಂದದಿಂದ ಸೀಮೆಯೇ ಅವರ ಪಾಲಾಯಿತು. ಆಗ ಹೊಲದವರನ್ನಾಗಲಿ, ಕೂಲಿಯವರನ್ನಾಗಲಿ, 'ಯುದ್ಧ ಬೇಕೇ?' ಎಂದು ಯಾರೂ ಕೇಳಲಿಲ್ಲ.

ಯುದ್ಧದ ಕಷ್ಟ ಹೊರುವವರ ಒಪ್ಪಿಗೆ ಬೇಕಾದರೆ ದೇಶ ಸುಲಭವಾಗಿ ಯುದ್ಧಕ್ಕೆ ಹೊರಡದು ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1795ರಲ್ಲೇ ಬರೆದನು. ಪ್ರಜಾಪ್ರಭುತ್ವ ದೇಶಗಳೂ ಯುದ್ಧ ಮಾಡಿವೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಹೋಯಿತು. ಆದರೆ ಅಂಥ ಎರಡು ದೇಶಗಳು ತಮ್ಮತಮ್ಮಲ್ಲೇ ಯುದ್ಧ ಮಾಡಿದ್ದು ಬಹಳ ಅಪರೂಪ. ಏಕೆ? ಎರಡು ಕಡೆಯೂ ಜನರಿಗೆ ಉತ್ತರ ಹೇಳಬೇಕು. ಎರಡು ಕಡೆಯೂ ವಾದ ಮಾಡಿ, ಸೋತರೂ ತೀರ್ಪಿಗೆ ತಲೆಬಾಗುವ ಅಭ್ಯಾಸವಿದೆ.

ಈ ಅಭ್ಯಾಸದ ಬೆಲೆಯನ್ನು ನಮ್ಮ ಪಕ್ಕದ ಕಂಬಂ ಕಣಿವೆಯಲ್ಲೇ ನೋಡಬಹುದು. ಮುಲ್ಲಪೆರಿಯಾರ್ ಅಣೆಕಟ್ಟು ಇರುವುದು ಕೇರಳದಲ್ಲಿ. 1886ರ ಕರಾರಿನಂತೆ ನೀರು ಬರುವುದು ತೇನಿಯ ಗದ್ದೆಗಳಿಗೆ. 1895ರಲ್ಲಿ ಕಟ್ಟಿ ಮುಗಿಸಿದ ಅಣೆ ಒಡೆದೀತೆಂಬ ಭಯ ಕೆಳಗಿನ ಕೇರಳದವರಿಗೆ. ನೀರು ತಪ್ಪಿದರೆ ಅನ್ನ ತಪ್ಪೀತೆಂಬ ಭಯ ಇತ್ತಕಡೆಯವರಿಗೆ. ಎರಡೂ ನಿಜವಾದ ಭಯಗಳೇ. 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿದ ಮೇಲೆ ಜಗಳ ಬೆಳೆಯಿತು. 2011ರ ಡಿಸೆಂಬರಿನಲ್ಲಿ ಕುಮಿಲಿ ದಾರಿ ಮುಚ್ಚಿತು. ಏಲಕ್ಕಿ ತೋಟಗಳಿಗೆ ಘಟ್ಟ ಹತ್ತುತ್ತಿದ್ದ ಜೀಪುಗಳು ನಿಂತವು. ಕೂಲಿ ಕಳೆದುಕೊಂಡವರು ಯಾರು? ನಮ್ಮಂಥವರೇ.

ಆದರೂ ವಿಷಯ ನ್ಯಾಯಾಲಯದಲ್ಲೇ ಉಳಿಯಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಬಹುದೆಂದೂ, ಮೇಲ್ವಿಚಾರಣೆಗೆ ಮೂವರ ಸಮಿತಿ ಇರಬೇಕೆಂದೂ ಹೇಳಿತು. ವ್ಯಾಜ್ಯ ಅಲ್ಲಿಗೇ ತೀರಲಿಲ್ಲ; ಆದರೆ ದಾರಿ ತೆರೆಯಿತು, ಜೀಪುಗಳು ಓಡಿದವು.

ಇವು ಒಂದೇ ದೇಶದ ಎರಡು ರಾಜ್ಯಗಳು, ಇವಕ್ಕೆ ಸೈನ್ಯವಿಲ್ಲ ಎನ್ನಬಹುದು. ನಿಜವೇ. ದೇಶ ದೇಶಗಳ ಮೇಲೆ ಇಂಥ ಗಟ್ಟಿಯಾದ ಕೋರ್ಟಿಲ್ಲ. ಅಲ್ಲಿ ಈ ಅಭ್ಯಾಸ ಇನ್ನೂ ಹೆಚ್ಚು ಬೇಕು. ಚುನಾವಣೆಯೊಂದೇ ಸಾಲದು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಭಾರತ, ಪಾಕಿಸ್ತಾನ ಎರಡರಲ್ಲೂ ಜನ ಆರಿಸಿದ ಸರ್ಕಾರಗಳಿದ್ದವು. ಆದರೆ ಪಾಕಿಸ್ತಾನದಲ್ಲಿ ಸೈನ್ಯ ಜನರ ಹಿಡಿತದಲ್ಲಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಸೈನ್ಯವೇ ಸರ್ಕಾರವನ್ನು ಉರುಳಿಸಿತು.

ಆದ್ದರಿಂದ, ಪ್ರಿಯರೇ, ಸಮಾಧಾನವು ದೊಡ್ಡವರ ಮೇಜಿನ ಮೇಲೆ ಮಾತ್ರ ಹುಟ್ಟುವುದಿಲ್ಲ. ಗಡಿಯಾಚೆಯವರ ಮೇಲೆ ನಮ್ಮನ್ನು ಎತ್ತಿಕಟ್ಟಿ ಓಟು ಕೇಳುವವರು ಬಂದರೆ, 'ಇದರ ನಷ್ಟ ಯಾರಿಗೆ?' ಎಂದು ಕೇಳೋಣ. ಗಾಳಿಸುದ್ದಿ ಬಂದರೆ, ಆಚೆ ಕಡೆಯ ತೋಟದಲ್ಲಿರುವ ನಮ್ಮ ಜೊತೆಗಾರರನ್ನು ಮೊದಲು ವಿಚಾರಿಸೋಣ. ಲಯದ ಮನೆಯಲ್ಲೂ ಸಂಘದ ಸಭೆಯಲ್ಲೂ ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವುದನ್ನು ಮಕ್ಕಳಿಗೆ ಕಲಿಸೋಣ. ಕಷ್ಟ ಹೊರುವ ನಾವು ಬಾಯಿ ತೆರೆದರೆ, ಕತ್ತಿ ಹಿರಿಯುವವರ ಕೈ ತಡೆದೀತು.