ನಮ್ಮ ಬೆಟ್ಟದ ಒಳರಚನೆ: ಭೂವಿಜ್ಞಾನ ಬೋಧನೆಯಲ್ಲಿ ಗಣಕಯಂತ್ರ
(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ದಿಂಬಂ ಘಾಟಿಯ 27 ತಿರುವುಗಳನ್ನು ಏರಿಳಿಯದವರು ಈ ಸಭೆಯಲ್ಲಿ ಇರಲಾರರು. ಆ ಬೆಟ್ಟದ ಕೆಳಗೆ, ಮೋಯಾರ್ ಕಣಿವೆಯ ಉದ್ದಕ್ಕೂ, ಭೂವಿಜ್ಞಾನಿಗಳು ಮೋಯಾರ್–ಭವಾನಿ ಷಿಯರ್ ವಲಯವೆಂದು ಕರೆಯುವ ಪಟ್ಟಿಯಿದೆ. ಬಹು ಪುರಾತನ ಕಾಲದಲ್ಲಿ, ಭೂಮಿಯ ಆಳದ ಕಾವಿಗೆ ಮೆದುವಾದ ಶಿಲಾರಾಶಿಗಳು ಒಂದರ ಪಕ್ಕದಲ್ಲೊಂದು ಜರುಗಿ ನುಲಿದ ಜಾಗವದು. ಸಂಶೋಧಕರು ದೂರದಿಂದ ಅರಸಿ ಬರುವ ಈ ಪಾಠ ನಮ್ಮ ಮಕ್ಕಳ ಮನೆಯಂಗಳದಲ್ಲೇ ಇದೆ.

ಆದರೆ ಅದನ್ನು ಕಲಿಸುವುದು ಸುಲಭವಲ್ಲ. ನೆಲದ ಮೇಲೆ ಗೆರೆಯಂತೆ ಕಾಣುವುದು ಒಳಗೆ ಓರೆಯಾಗಿ ಇಳಿದ ಹಾಳೆಯಾಗಿರುತ್ತದೆ. ಕಪ್ಪುಹಲಗೆಯ ಮೇಲೆ ಆ ಆಳ ಮೂಡದು. ಘಾಟಿಯ ವಾಹನಗಳ ನಡುವೆ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡಿನಲ್ಲಿ, ತರಗತಿ ನಡೆಸುವಂತೆಯೂ ಇಲ್ಲ.

ಇಲ್ಲಿ ಗಣಕಯಂತ್ರ ನೆರವಾಗುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ಅಳೆದ ಭೂಮಿಯ ಎತ್ತರದ ಅಂಕಿಗಳು ಇಂದು ಉಚಿತವಾಗಿ ದೊರೆಯುತ್ತವೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ತೆರೆದರೆ ದಿಂಬಂ ಇಳಿಜಾರು, ಮೋಯಾರ್ ಕಣಿವೆ, ಆಚೆಯ ನೀಲಗಿರಿ ಒಂದೇ ಪರದೆಯಲ್ಲಿ ಎದ್ದು ನಿಲ್ಲುತ್ತವೆ. ಊರಿನ ಪಕ್ಕದ ಬಂಡೆಯಲ್ಲಿ ಬಿರುಕು ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ವಾಲಿದೆ ಎಂದು ದಿಕ್ಸೂಚಿಯಿಂದ ಅಳೆದು, ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ಆಲ್ಮೆಂಡಿಂಗರ್ ರಚಿಸಿದ ಸ್ಟೀರಿಯೊನೆಟ್ ತಂತ್ರಾಂಶಕ್ಕೆ ಕೊಟ್ಟರೆ, ಪ್ರತಿ ಬಿರುಕೂ ವೃತ್ತದೊಳಗಿನ ಒಂದು ಕಮಾನಾಗಿ ಮೂಡುತ್ತದೆ. ಹಿಂದೆ ಇದಕ್ಕೆ ಗುಂಡುಸೂಜಿ ಚುಚ್ಚಿ ಟ್ರೇಸಿಂಗ್ ಕಾಗದ ತಿರುಗಿಸಬೇಕಿತ್ತು.

ಇದು ಕೇವಲ ಚಿತ್ರವಲ್ಲ. ಬಿರುಕು ಗುಡ್ಡದೊಳಕ್ಕೆ ವಾಲಿದ್ದರೆ ಬಂಡೆ ಜಾರುವ ಭಯ ಕಡಿಮೆ. ರಸ್ತೆಯ ಕಡೆಗೆ ವಾಲಿದ್ದು, ಅದರ ಓರೆ ಕಡಿದ ಗೋಡೆಯ ಓರೆಗಿಂತ ಕಡಿಮೆಯಿದ್ದರೆ, ಮಳೆನೀರು ಇಳಿದಾಗ ಬಂಡೆ ಜಾರಬಹುದು. ದಿನವೂ ಘಾಟಿ ದಾಟುವ ಊರಿನ ಮಗು ಇದನ್ನು ತಿಳಿದಿರಬೇಡವೇ?

ಆದರೂ ಪರದೆಗಿಂತ ಮೊದಲು ಬಂಡೆ ಬರಬೇಕು. ಅಳೆದದ್ದು ನೆಲಕ್ಕೆ ಬೇರೂರಿದ ಬಂಡೆಯೋ, ಮೇಲಿನಿಂದ ಉರುಳಿ ಬಂದ ಗುಂಡೋ ಎಂಬುದು ತಂತ್ರಾಂಶಕ್ಕೆ ತಿಳಿಯದು. ತಪ್ಪು ಅಂಕಿಗೂ ಅದು ಅಂದವಾದ ಚಿತ್ರವನ್ನೇ ಬರೆದುಕೊಡುತ್ತದೆ. ಆ ವಿವೇಕವನ್ನು ಗುರುವೇ ಕಲಿಸಬೇಕು.

ಕನ್ನಡದಲ್ಲಿ ಓದಿದ ಮಗು ಗಣಕಯಂತ್ರದ ಮುಂದೆ ಹಿಂದುಳಿಯುವುದೆಂಬ ಅಳುಕು ಪೋಷಕರಲ್ಲಿದೆ. ತಮಿಳುನಾಡಿನ ಈ ಗಡಿಯಲ್ಲಿ ಅದು ಸಹಜ. ವಾಲು, ಮಡಿಕೆ, ಬಿರುಕು, ಜರುಗು ಎಂಬ ಮನೆಮಾತುಗಳಲ್ಲಿ ಅರ್ಥ ಒಮ್ಮೆ ನೆಲೆಗೊಂಡರೆ, ಮುಂದೆ ಕಾಲೇಜಿನಲ್ಲಿ ತಮಿಳಿನ ಅಥವಾ ಇಂಗ್ಲಿಷಿನ ಹೆಸರನ್ನು ಸೇರಿಸಿಕೊಳ್ಳುವುದು ಕಷ್ಟವಲ್ಲ. ಅರ್ಥವೇ ನೆಲೆಗೊಳ್ಳದಿದ್ದರೆ ಯಾವ ಭಾಷೆಯ ಹೆಸರೂ ಬಾಯಿಪಾಠವಷ್ಟೇ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಎರಡೇ: ಶಾಲೆಗೆ ನಾಲ್ಕಾರು ಗಣಕಯಂತ್ರಗಳು, ಮತ್ತು ನಮ್ಮ ಮಕ್ಕಳೊಂದಿಗೆ ಬಂಡೆಯ ಬಳಿ ಕಳೆಯಲು ವರ್ಷಕ್ಕೊಂದು ದಿನ. ತಂತ್ರಾಂಶಕ್ಕೆ ಹಣ ಬೇಕಿಲ್ಲ. ಬಂಡೆ ಇಲ್ಲೇ ಇದೆ.