ನಾಟಕವೂ ನೋಟಕರ ನಿಷ್ಠೆಯೂ

(ಶ್ರೀಮಠದ ಮಹೋತ್ಸವದ ನಾಟಕಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಟಕಮಂಡಲಿಗಳು ನೋಟಕರ ಅಭಿಮಾನವನ್ನು ಉಳಿಸಿಕೊಳ್ಳುವ ಬಗೆಯೆಂತು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀ ಸನ್ನಿಧಿಯವರು ಅಪ್ಪಣೆ ಕೊಡಿಸಿರುವರು. ಜನರು ನಾಟಕಕ್ಕೆ ಬರುವುದಿಲ್ಲವೆಂಬ ಕೂಗು ಎಲ್ಲೆಡೆಯೂ ಕೇಳಿಬರುತ್ತಿರುವುದಷ್ಟೆ. ಆದರೆ ಅವರನ್ನು ಒಂದು ಸಲ ಬರಮಾಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ; ಮರಳಿ ಮರಳಿ ಬರಮಾಡಿಕೊಳ್ಳುವುದೇ ಕಷ್ಟ.

1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಕೀರ್ತಿಯನ್ನು ಕೇಳದವರಾರು? 1934ರಲ್ಲಿ ವೀರಣ್ಣನವರು 'ಕುರುಕ್ಷೇತ್ರ'ವನ್ನಾಡಿಸಿದಾಗ ಆನೆ ಕುದುರೆಗಳೇ ರಂಗಕ್ಕೆ ಬಂದುವು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ'ವೂ ತೆರೆಗೆ ಬಂದಿತು. ವೈಭವವನ್ನೇ ನೆಚ್ಚಿ ಬಂದವನನ್ನು ಮತ್ತಷ್ಟು ವೈಭವವು ಸೆಳೆದೊಯ್ಯುವುದು ಸಹಜ. ಇಂದಾದರೋ ಅಂಗೈಯಗಲದ ದೂರವಾಣಿಯಲ್ಲಿಯೇ ಸಮಸ್ತ ಬೆರಗುಗಳೂ ದೊರೆಯುತ್ತಿವೆ. ಅದು ಕಾರಣ, ಬೆರಗಿನಿಂದ ಕೂಡಿದ ಜನವು ಬೆರಗು ತೀರಿದೊಡನೆ ಚದುರುವುದು.

ಹಾಗಾದರೆ ನಿಲ್ಲುವುದು ಯಾವುದು? ನಮ್ಮ ಷಟ್ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಹೇಶಸ್ಥಲಕ್ಕೆ ನಿಷ್ಠೆಯನ್ನೂ ಪ್ರಸಾದಿಸ್ಥಲಕ್ಕೆ ಅವಧಾನವನ್ನೂ ಹೇಳಿರುವುದು ತಮಗೆಲ್ಲ ತಿಳಿದುದೇ. ಈ ಕ್ರಮವನ್ನು ಹೋಲಿಕೆಗೆಂದು ಮಾತ್ರ ಇಲ್ಲಿ ತರುವೆನು. ನೋಟಕನು ಮೊದಲು ಬರುವುದು ಮತ್ತೊಬ್ಬರ ಮಾತಿನ ಮೇಲಣ ಶ್ರದ್ಧೆಯಿಂದ. ಆ ಶ್ರದ್ಧೆಯು ಹುಸಿಯಾಗದಿದ್ದರೆ ನಿಷ್ಠೆ ಮೂಡುವುದು. ನಿಷ್ಠೆಯಿಂದ ಹಲವು ನಾಟಕಗಳನ್ನು ಕಂಡವನಿಗೆ ಒಳ್ಳೆಯದನ್ನೂ ಸಾಮಾನ್ಯವಾದುದನ್ನೂ ವಿಂಗಡಿಸಿ ಸವಿಯುವ ಅವಧಾನವು ಲಭಿಸುವುದು. ಆದರೆ ನಿಷ್ಠೆಯನ್ನು ನೋಟಕನಿಂದ ಬೇಡುವ ಮುನ್ನ ಮಂಡಲಿಯೇ ಅದನ್ನು ನಡೆಸಿ ತೋರಿಸಬೇಕು.

ಇದಕ್ಕೆ ನಿದರ್ಶನವು ದೂರದಲ್ಲಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿ, 1997ರಲ್ಲಿ 'ಶಿವಸಂಚಾರ'ವೆಂಬ ಮಂಡಲಿಯನ್ನು ಹೊರಡಿಸಿದರು. ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿ ಊರೂರಿಗೆ ಒಯ್ಯುವುದು ಅದರ ಪದ್ಧತಿ. ಹೆಗ್ಗೋಡಿನ ನೀನಾಸಂ 1985ರಲ್ಲಿಯೇ 'ತಿರುಗಾಟ'ವನ್ನು ಆರಂಭಿಸಿತ್ತು. ಜಂಗಮವು ಮನೆಬಾಗಿಲಿಗೆ ಬರುವಂತೆ ನಾಟಕವು ವರ್ಷ ವರ್ಷವೂ ಊರಬಾಗಿಲಿಗೆ ಬಂದರೆ, ಕಳೆದ ಸಲ ಕಂಡವನು ಈ ಸಲ ನೆರೆಯವನನ್ನೂ ಕರೆತರುವನು.

ಮಂಡಲಿಗಳಿಗೆ ನನ್ನ ಬಿನ್ನಹವಿಷ್ಟೆ: ಸಾರಿದ ವೇಳೆಗೆ ತೆರೆಯೇಳಲಿ. ಇಪ್ಪತ್ತು ಜನರೆದುರಿನ ಆಟವೂ ಎರಡು ಸಾವಿರ ಜನರೆದುರಿನ ಆಟದಂತೆಯೇ ಇರಲಿ. ಆಟ ಮುಗಿದ ಬಳಿಕ ನಟರು ಊರವರೊಡನೆ ಕುಳಿತು ಅವರ ಮಾತನ್ನು ಆಲಿಸಲಿ.

ಭಕ್ತರಾದ ನಮಗೂ ಕರ್ತವ್ಯವುಂಟು. ಬಿಟ್ಟಿಯಾಗಿ ಕಂಡುದರಲ್ಲಿ ಮಮತೆ ಬೆಳೆಯುವುದು ಅಪರೂಪ. ದಾಸೋಹಕ್ಕೆ ಒಂದು ಹಿಡಿ ಅಕ್ಕಿಯನ್ನಿತ್ತವನು ಅದನ್ನು ತನ್ನದೆನ್ನುವಂತೆ, ಅಲ್ಪವಾದರೂ ಕಾಣಿಕೆಯನ್ನಿತ್ತವನು ನಾಟಕವನ್ನು ತನ್ನದೆನ್ನುವನು. ಮತ್ತೊಂದು ಮಾತು. ನಮ್ಮ ಜಾತ್ರೆಗಳಲ್ಲಿ ಸನ್ಮಾನಗಳೂ ಭಾಷಣಗಳೂ ನಡುರಾತ್ರಿಯವರೆಗೆ ಬೆಳೆದು, ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ರೆಹೋದ ಮೇಲೆ ನಾಟಕವು ಆರಂಭವಾಗುವುದನ್ನು ಕಾಣುತ್ತೇವೆ. ನಾಳಿನ ನೋಟಕರು ಆ ಮಕ್ಕಳೇ ಅಲ್ಲವೆ? ಅವರು ಎಚ್ಚತ್ತಿರುವಾಗ ತೆರೆಯೇಳದಿದ್ದರೆ ಮುಂದೆ ಯಾರನ್ನು ಕರೆಯೋಣ?

ಈ ನಿಯಮವು ನನ್ನ ಭಾಷಣಕ್ಕೂ ಸಲ್ಲುವುದರಿಂದ, ಹಿಂದೆ ನಟರು ಬಣ್ಣಹಚ್ಚಿ ಕಾಯುತ್ತಿರುವುದನ್ನು ನೆನೆದು ಇಲ್ಲಿಗೆ ವಿರಮಿಸುವೆನು.